ಅಮೆರಿಕದ ಚಿಂತನೆ ಅಂದರೆ ಡಾಲರ್ ಲೆಕ್ಕ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಅಲ್ಲಿನ ಬಂದೂಕು, ಸಾಲ, ಒಂಟಿತನದ ಬಗ್ಗೆ ಬರೆದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ನಡುವೆ ಒಂದು ಪ್ಯಾರಾದಲ್ಲಿ, ಅಮೆರಿಕದವರಿಗೆ ತಮ್ಮದೇ ಆದ ತತ್ವಶಾಸ್ತ್ರ ಇಲ್ಲ, ಇರುವುದು ಪ್ರಾಗ್ಮಾಟಿಸಂ ಒಂದೇ, ಅದೂ ಲಾಭ ತಂದರೆ ಸತ್ಯ ಇಲ್ಲದಿದ್ದರೆ ಸುಳ್ಳು ಅನ್ನುವ ಅಂಗಡಿಯ ಲೆಕ್ಕ, ದೇಶ ಹೇಗೋ ಅದರ ತತ್ವವೂ ಹಾಗೇ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಇದಕ್ಕೆ ಮಾತ್ರ ಸುಮ್ನೆ ಇರಲು ಆಗಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದಲೂ ಸ್ಟಾಫ್ ರೂಮಿನಲ್ಲಿ, ಸಭೆಗಳಲ್ಲಿ, ಪರೀಕ್ಷೆಯ ಗೈಡುಗಳಲ್ಲಿ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ಅಮೆರಿಕದ ದೊಡ್ಡ ಚಿಂತಕರು ತಮ್ಮ ನಾಡನ್ನು ಹೊಗಳುತ್ತಾ ಕೂತವರಲ್ಲ. ಮನೆಯೊಳಗೇ ಇದ್ದು ಮನೆಯವರ ಜೊತೆ ಜಗಳ ಮಾಡಿದವರು. ಅದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೂ ದಯವಿಟ್ಟು ಕತ್ತರಿಸಬೇಡಿ.

ಅಮೆರಿಕಕ್ಕೆ ತತ್ವಶಾಸ್ತ್ರ ಇಲ್ಲ ಅನ್ನುವ ಮಾತು ತುಂಬ ಹಳೆಯದು. 1831ರಲ್ಲಿ ಫ್ರಾನ್ಸಿನಿಂದ ಬಂದು ಒಂಬತ್ತು ತಿಂಗಳು ಅಲ್ಲಿ ಸುತ್ತಾಡಿದ ತೋಕ್ವಿಲ್, 1840ರಲ್ಲಿ ಬಂದ ತನ್ನ ಪುಸ್ತಕದ ಎರಡನೇ ಭಾಗವನ್ನು ಶುರು ಮಾಡುವುದೇ ಹೀಗೆ: ನಾಗರಿಕ ಜಗತ್ತಿನಲ್ಲಿ ಅಮೆರಿಕದಷ್ಟು ಕಡಿಮೆ ತತ್ವಶಾಸ್ತ್ರಕ್ಕೆ ಗಮನ ಕೊಡುವ ದೇಶ ಇನ್ನೊಂದಿಲ್ಲ. ಲೇಖಕರು ಇಲ್ಲಿಗೇ ನಿಲ್ಲುತ್ತಾರೆ. ತೋಕ್ವಿಲ್ ನಿಲ್ಲಲಿಲ್ಲ. ಅಲ್ಲಿನ ಪ್ರತಿಯೊಬ್ಬನೂ ಪರಂಪರೆ ಹೇಳಿತು, ದೊಡ್ಡವರು ಹೇಳಿದರು ಅಂತ ಒಪ್ಪದೆ ತನ್ನ ತಲೆಯನ್ನೇ ನಂಬುತ್ತಾನೆ, ಅಂದರೆ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್‌ನ ಪುಸ್ತಕವನ್ನು ಅತಿ ಕಡಿಮೆ ಓದುವ ದೇಶದಲ್ಲೇ ಅವನ ಮಾತನ್ನು ಅತಿ ಜಾಸ್ತಿ ಪಾಲಿಸುತ್ತಾರೆ ಅಂತಲೂ ಬರೆದ. ಪುಸ್ತಕಕ್ಕಿಂತ ಮೊದಲೇ ಅಲ್ಲಿ ಅಂಥ ಒಂದು ಅಭ್ಯಾಸ ಇತ್ತು. ಆಮೇಲೆ ಬಂದ ಚಿಂತಕರು ಆ ಅಭ್ಯಾಸವನ್ನೇ ಹಿಡಿದು, ಅದನ್ನೇ ತಮ್ಮ ಜನರ ಮೇಲೆ ತಿರುಗಿಸಿದರು.

ಹೋದ ವರ್ಷ ಬಾಸ್ಟನ್ ಹತ್ತಿರ ಮಗಳ ಮನೆಗೆ ಹೋಗಿದ್ದೆ. ಒಂದು ದಿನ ಇಬ್ಬರೂ ರೈಲು ಹತ್ತಿ ಕಾಂಕರ್ಡ್ ಎಂಬ ಸಣ್ಣ ಊರಿಗೆ ಹೋದೆವು. ಅಲ್ಲಿನ ಸ್ಲೀಪಿ ಹಾಲೋ ಸ್ಮಶಾನದ ಒಂದು ದಿಬ್ಬದ ಮೇಲೆ ಹತ್ತೊಂಬತ್ತನೇ ಶತಮಾನದ ದೊಡ್ಡ ಚಿಂತಕರಾದ ಎಮರ್ಸನ್, ಥೋರೋ ಇಬ್ಬರ ಸಮಾಧಿಯೂ ಇದೆ. ಎಮರ್ಸನ್‌ನದು ಕೆತ್ತದೆ ಬಿಟ್ಟ ಒಂದು ದೊಡ್ಡ ಬಂಡೆ. ಥೋರೋನದು ಗೇಣುದ್ದದ ಪುಟ್ಟ ಕಲ್ಲು, ಅದರ ಮೇಲೆ ಬರೀ 'ಹೆನ್ರಿ' ಅಂತ ಇದೆ, ಅಷ್ಟೇ. ಆ ಕಲ್ಲಿನ ಬುಡದಲ್ಲಿ ಪೆನ್ಸಿಲ್‌ಗಳು. ಕೆಲವು ಹೊಸವು, ಕೆಲವು ಅರ್ಧ ಸವೆದವು, ಮಳೆಗೆ ನೆನೆದು ಬಣ್ಣ ಬಿಟ್ಟವೂ ಇದ್ದವು. ಥೋರೋ ಮನೆತನದವರು ಪೆನ್ಸಿಲ್ ತಯಾರಿಸುತ್ತಿದ್ದರು, ಅವನೂ ಆ ಕೆಲಸ ಮಾಡಿದವನೇ, ಅದಕ್ಕೆ ಬಂದವರು ಪೆನ್ಸಿಲ್ ಇಟ್ಟು ಹೋಗುತ್ತಾರೆ. ನಾವು ನೋಡುತ್ತಿದ್ದಂತೆ ಒಬ್ಬ ಹುಡುಗಿ ಶಾಲೆಯ ಚೀಲದಿಂದ ಒಂದು ಪೆನ್ಸಿಲ್ ತೆಗೆದು ಇಟ್ಟಳು. ಇದನ್ನು ನೋಡಿದ ಮೇಲೆ, ಆ ದೇಶಕ್ಕೆ ತನ್ನ ಚಿಂತಕರ ನೆನಪಿಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಮರ್ಸನ್ 1837ರ ಆಗಸ್ಟ್ 31ರಂದು ಹಾರ್ವರ್ಡ್ ಓದುಗರ ಒಂದು ಸಂಘದ ಮುಂದೆ 'ಅಮೆರಿಕದ ವಿದ್ವಾಂಸ' ಅನ್ನುವ ಭಾಷಣ ಮಾಡಿದ. ಯುರೋಪಿನ ಆಸ್ಥಾನದ ಕಾವ್ಯದೇವಿಯರ ಮಾತು ಕೇಳಿದ್ದು ಸಾಕು, ಇನ್ನು ನಮ್ಮ ಕಾಲ ಮೇಲೆ ನಿಲ್ಲೋಣ ಅನ್ನುವುದು ಅದರ ಸಾರ. ಇದನ್ನು ದೇಶದ ಬೌದ್ಧಿಕ ಸ್ವಾತಂತ್ರ್ಯ ಘೋಷಣೆ ಅಂತ ಕರೆದವರು ಡಾಕ್ಟರ್ ಹೋಮ್ಸ್ ಎಂಬ ಕವಿ. (ಅವರ ಮಗನ ಹೆಸರು ಮುಂದೆ ಬರುತ್ತದೆ.) ಆದರೆ ಎಮರ್ಸನ್ ಬರೀ ಜೈಕಾರ ಹಾಕಿದವನಲ್ಲ. ಮರುವರ್ಷವೇ, 1838ರಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನರನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಲು ಸರ್ಕಾರ ಹೊರಟಾಗ, ಅಧ್ಯಕ್ಷ ವಾನ್ ಬ್ಯೂರನ್‌ಗೆ ಬಹಿರಂಗ ಪತ್ರ ಬರೆದು ಇದು ಅಪರಾಧ ಅಂತ ಹೇಳಿದ. ಸರ್ಕಾರ ಕೇಳಲಿಲ್ಲ. ಸಾವಿರಾರು ಜನ ದಾರಿಯಲ್ಲೇ ಸತ್ತರು.

ಥೋರೋ ಇನ್ನೂ ಗಟ್ಟಿ. 1845ರ ಜುಲೈ 4ರಂದು, ಅದೇ ಸ್ವಾತಂತ್ರ್ಯ ದಿನದಂದು, ಎಮರ್ಸನ್‌ಗೆ ಸೇರಿದ ಜಾಗದಲ್ಲಿ, ವಾಲ್ಡನ್ ಕೊಳದ ದಡದಲ್ಲಿ ತಾನೇ ಕಟ್ಟಿದ ಗುಡಿಸಲಿಗೆ ಹೋದ. ಹತ್ತಡಿ ಅಗಲ, ಹದಿನೈದಡಿ ಉದ್ದ. ಹಲಗೆ, ಮೊಳೆ, ಸುಣ್ಣ, ಕಿಟಕಿ ಎಲ್ಲದರ ಲೆಕ್ಕ ಬರೆದಿಟ್ಟಿದ್ದಾನೆ, ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟ್. ಈಗ ಕಾರ್ ಪಾರ್ಕಿಂಗ್ ಪಕ್ಕ ಅದರ ಮಾದರಿಯೊಂದನ್ನು ಕಟ್ಟಿದ್ದಾರೆ. ಒಂದು ಮಂಚ, ಒಂದು ಮೇಜು, ಮೂರು ಕುರ್ಚಿ. ಒಳಗೆ ನಿಂತರೆ ನಮ್ಮ ಹೊಲದ ಮನೆ ನೆನಪಾಯಿತು. ಡಾಲರ್ ಲೆಕ್ಕ ಹಾಕಿದ ತತ್ವಜ್ಞಾನಿ ಬೇಕು ಅನ್ನುವವರಿಗೆ ಇವನಿದ್ದಾನೆ, ಆದರೆ ಅವನು ಲೆಕ್ಕ ಹಾಕಿದ್ದು ಎಷ್ಟು ಕಡಿಮೆಯಲ್ಲಿ ಬದುಕಬಹುದು ಅಂತ ತೋರಿಸಲು. ಮರುವರ್ಷ ತಲೆಗಂದಾಯ ಕಟ್ಟಲು ಒಪ್ಪದೆ ಒಂದು ರಾತ್ರಿ ಜೈಲಿನಲ್ಲಿದ್ದ. ಗುಲಾಮಗಿರಿಗೂ ಮೆಕ್ಸಿಕೋ ಮೇಲಿನ ಯುದ್ಧಕ್ಕೂ ನನ್ನ ದುಡ್ಡು ಕೊಡುವುದಿಲ್ಲ ಅಂದ. ಅದರಿಂದ ಹುಟ್ಟಿದ 1849ರ ಪ್ರಬಂಧವನ್ನು ಗಾಂಧೀಜಿ ಓದಿ ಮೆಚ್ಚಿದ್ದು ಎಲ್ಲರಿಗೂ ಗೊತ್ತು.

ಇಲ್ಲಿ ನಮ್ಮವರ ಇನ್ನೊಂದು ಅಭ್ಯಾಸದ ಬಗ್ಗೆಯೂ ಹೇಳಬೇಕು. ಎಮರ್ಸನ್ ಗೀತೆ ಓದಿದ್ದ, 1857ರಲ್ಲಿ 'ಬ್ರಹ್ಮ' ಅಂತ ಪದ್ಯ ಪ್ರಕಟಿಸಿದ, ಥೋರೋ ಬೆಳಿಗ್ಗೆ ಗೀತೆಯಲ್ಲಿ ಮನಸ್ಸು ಮೀಯಿಸುತ್ತಿದ್ದ ಅಂತ ಹೆಮ್ಮೆಯಿಂದ ಹೇಳಿ, ಎಲ್ಲ ನಮ್ಮಿಂದಲೇ ಹೋಗಿದ್ದು ಅಂತ ಮಾತು ಮುಗಿಸಿಬಿಡುತ್ತೇವೆ. ಅವರು ಓದಿದ್ದು ನಿಜ. ಆದರೆ ಓದಿ ಏನು ಮಾಡಿದರು ಅಂತಲೂ ನೋಡಬೇಕಲ್ವಾ? ಥೋರೋ ಗುಡಿಸಲಿನಲ್ಲಿದ್ದಾಗ ಒಂದು ಚಳಿಗಾಲದಲ್ಲಿ ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ಮಾರಾಟಕ್ಕೆ ಒಯ್ಯುತ್ತಿದ್ದರು. ಬಾಸ್ಟನ್ನಿನ ಐಸ್ ಹಡಗಿನಲ್ಲಿ ಕಲ್ಕತ್ತೆ, ಮದರಾಸಿಗೆ ಬರುತ್ತಿತ್ತು. ಚೆನ್ನೈ ಕಡಲ ತೀರದ ಐಸ್ ಹೌಸ್ ಅದಕ್ಕಾಗಿಯೇ ಕಟ್ಟಿದ್ದು, 1897ರಲ್ಲಿ ವಿವೇಕಾನಂದರು ಉಳಿದುಕೊಂಡಿದ್ದೂ ಅದೇ ಕಟ್ಟಡದಲ್ಲಿ. ಥೋರೋ ಆ ಕೂಲಿಗಳನ್ನು ನೋಡುತ್ತಾ, ವಾಲ್ಡನ್ನಿನ ನೀರು ಗಂಗೆಯ ನೀರಿನ ಜೊತೆ ಬೆರೆಯುತ್ತಿದೆ ಅಂತ ಬರೆದ. ವ್ಯಾಪಾರವನ್ನು ಅವನು ಕಣ್ಣು ಮುಚ್ಚಿ ಬೈಯಲಿಲ್ಲ, ಕಣ್ಣು ಮುಚ್ಚಿ ಒಪ್ಪಲೂ ಇಲ್ಲ. ಕಣ್ಣೆದುರಿಗೆ ನಡೆಯುವ ಕೆಲಸದಿಂದಲೇ ಯೋಚನೆ ಹೆಣೆದ. ಅಮೆರಿಕದ ಚಿಂತನೆಯ ರುಚಿ ನನಗೆ ಸಿಕ್ಕಿದ್ದು ಇಲ್ಲಿ.

ಈಗ ಪ್ರಾಗ್ಮಾಟಿಸಂ ವಿಷಯ. ಕನ್ನಡದಲ್ಲಿ ಇದನ್ನು ವ್ಯವಹಾರವಾದ ಅನ್ನುತ್ತಾರೆ. ಈ ಹೆಸರೇ ಅರ್ಧ ಕೆಡಿಸಿದೆ ಅಂತ ನನ್ನ ಅಭಿಪ್ರಾಯ. ವ್ಯವಹಾರ ಅಂದ ಕೂಡಲೇ ನಮಗೆ ಮಂಡಿ, ದಲಾಲಿ, ಖಾತೆ ಪುಸ್ತಕ ಕಣ್ಣಿಗೆ ಬರುತ್ತದೆ. ಆದರೆ ಈ ಚಿಂತನೆ ಹುಟ್ಟಿದ್ದು ಅಂಗಡಿಯಲ್ಲಿ ಅಲ್ಲ. ಯುದ್ಧ ಮುಗಿದ ಮೇಲೆ ಬದುಕಿ ಉಳಿದವರ ನಡುವೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಡಾಕ್ಟರ್ ಹೋಮ್ಸ್ ಅವರ ಮಗ, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಹೋಮ್ಸ್, ಆ ಯುದ್ಧದಲ್ಲಿ ಮೂರು ಸಲ ಗುಂಡೇಟು ತಿಂದವನು. ಮುಂದೆ ಪ್ರಾಗ್ಮಾಟಿಸಂನ ದೊಡ್ಡ ಹೆಸರಾದ ವಿಲಿಯಂ ಜೇಮ್ಸ್‌ನ ತಮ್ಮಂದಿರಿಬ್ಬರು ಹೋರಾಡಿದರು. ಅವರಲ್ಲಿ ವಿಲ್ಕಿ ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನಲ್ಲಿದ್ದು 1863ರಲ್ಲಿ ತೀವ್ರವಾಗಿ ಗಾಯಗೊಂಡ. ಆ ರೆಜಿಮೆಂಟಿನ ಕಂಚಿನ ಸ್ಮಾರಕ ಈಗಲೂ ಬಾಸ್ಟನ್ನಿನ ವಿಧಾನಸಭೆಯ ಎದುರಿಗಿದೆ. 1897ರಲ್ಲಿ ಅದನ್ನು ಅನಾವರಣ ಮಾಡಿದ ದಿನ ಭಾಷಣ ಮಾಡಿದವನು ಇದೇ ವಿಲಿಯಂ ಜೇಮ್ಸ್.

ಇಂಥವರು 1872ರ ಸುಮಾರಿಗೆ ಬಾಸ್ಟನ್ ಪಕ್ಕದ ಕೇಂಬ್ರಿಡ್ಜಿನಲ್ಲಿ ಒಂದು ಸಣ್ಣ ಮಾತಿನ ಕೂಟ ಮಾಡಿಕೊಂಡರು. ತತ್ವಜ್ಞಾನಿ ಪರ್ಸ್, ಜೇಮ್ಸ್, ಹೋಮ್ಸ್, ಇನ್ನೂ ಕೆಲವರು. ತಮ್ಮದೇ ಸರಿ ಅಂತ ನೂರಕ್ಕೆ ನೂರು ನಂಬಿದ ಎರಡು ಕಡೆಯವರು ಒಬ್ಬರನ್ನೊಬ್ಬರು ಕೊಂದದ್ದನ್ನು ಕಂಡವರು ಇವರು. ಹಾಗಾಗಿ ನಂಬಿಕೆ ಅಂದರೇನು, ಅದು ತಪ್ಪಾಗಿರಬಹುದು ಅಂತ ಒಪ್ಪಿಕೊಂಡೂ ಬದುಕುವುದು ಹೇಗೆ ಅನ್ನುವುದು ಇವರಿಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ ಅಂತ ನನಗನ್ನಿಸುತ್ತದೆ. ಪರ್ಸ್ ಸುಮಾರು ಮೂವತ್ತು ವರ್ಷ ಸರ್ಕಾರದ ಕರಾವಳಿ ಸರ್ವೆ ಇಲಾಖೆಯಲ್ಲಿ ಅಳತೆಯ ಕೆಲಸ ಮಾಡಿದವನು. ಅಳತೆ ಮಾಡುವವನಿಗೆ ಗೊತ್ತಿರುತ್ತದೆ, ಯಾವ ಅಳತೆಯೂ ಕೂದಲೆಳೆಯಷ್ಟಾದರೂ ತಪ್ಪುತ್ತದೆ ಅಂತ. ಮತ್ತೆ ಅಳೆಯಬೇಕು, ಇನ್ನೊಬ್ಬರು ಅಳೆದದ್ದನ್ನೂ ನೋಡಬೇಕು. ಸತ್ಯ ಅನ್ನುವುದು ಹುಡುಕುವವರೆಲ್ಲ ಕೂಡಿ ಕೊನೆಗೆ ತಲುಪುವ ಜಾಗ ಅಂದ ಅವನು. ಲಾಭದ ಮಾತು ಇದರಲ್ಲಿ ಎಲ್ಲಿದೆ?

ಜೇಮ್ಸ್ 1907ರ ತನ್ನ ಪುಸ್ತಕದಲ್ಲಿ ಒಂದು ಸಣ್ಣ ಘಟನೆ ಹೇಳುತ್ತಾನೆ. ಗುಡ್ಡದಲ್ಲಿ ಕ್ಯಾಂಪ್ ಹಾಕಿದ್ದಾಗ ಗೆಳೆಯರ ನಡುವೆ ಜೋರು ವಾದ. ಮರದ ಕಾಂಡಕ್ಕೆ ಒಂದು ಅಳಿಲು ಅಂಟಿಕೊಂಡಿದೆ. ಆಚೆ ಕಡೆ ಒಬ್ಬ ಮನುಷ್ಯ. ಅಳಿಲನ್ನು ನೋಡಬೇಕು ಅಂತ ಅವನು ಮರ ಸುತ್ತುತ್ತಾನೆ, ಅಳಿಲೂ ಅಷ್ಟೇ ವೇಗದಲ್ಲಿ ಸುತ್ತುತ್ತಾ ಯಾವಾಗಲೂ ಮರವನ್ನು ನಡುವೆ ಇಟ್ಟುಕೊಳ್ಳುತ್ತದೆ, ಅವನಿಗೆ ಕಾಣಿಸುವುದೇ ಇಲ್ಲ. ಅವನು ಮರ ಸುತ್ತಿದ್ದು ಸರಿ, ಅಳಿಲನ್ನು ಸುತ್ತಿದನಾ ಇಲ್ವಾ? ಅರ್ಧ ಜನ ಹೌದು ಅಂತಾರೆ, ಅರ್ಧ ಜನ ಇಲ್ಲ ಅಂತಾರೆ. ಜೇಮ್ಸ್ ಬಂದು ಕೇಳಿದ: ಸುತ್ತುವುದು ಅಂದರೆ ನಿಮ್ಮ ಅರ್ಥ ಏನು? ಅಳಿಲಿನ ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಹೋಗುವುದು ಅಂತಾದರೆ ಸುತ್ತಿದ. ಅದರ ಎದುರಿಗೆ, ಬಲಕ್ಕೆ, ಬೆನ್ನಿಗೆ, ಎಡಕ್ಕೆ ಹೋಗುವುದು ಅಂತಾದರೆ ಸುತ್ತಲಿಲ್ಲ. ಈ ವ್ಯತ್ಯಾಸ ಗೊತ್ತಾದ ಮೇಲೆ ಜಗಳಕ್ಕೆ ಏನೂ ಉಳಿಯಲಿಲ್ಲ. ಒಂದು ಮಾತಿನಿಂದ ನಡೆಯಲ್ಲಿ, ಅನುಭವದಲ್ಲಿ ಏನು ಬದಲಾಗುತ್ತದೆ ಅಂತ ಮೊದಲು ಕೇಳಿ, ಏನೂ ಬದಲಾಗದಿದ್ದರೆ ಆ ಜಗಳ ಬಿಡಿ. ಪ್ರಾಗ್ಮಾಟಿಸಂ ಮೊದಲಿಗೆ ಈ ಪಾಠ. ನಾನು ತರಗತಿಯಲ್ಲಿ ಪ್ರತಿವರ್ಷ ಇದನ್ನು ಹೇಳುತ್ತಿದ್ದೆ, ಹಿಂದಿನ ಬೆಂಚಿನವರೂ ತಲೆಯೆತ್ತಿ ಕೇಳುತ್ತಿದ್ದರು.

ತಪ್ಪು ತಿಳಿವಳಿಕೆಗೆ ಜೇಮ್ಸ್‌ನ ಮಾತೂ ಸ್ವಲ್ಪ ಕಾರಣ, ಒಪ್ಪುತ್ತೇನೆ. ಒಂದು ವಿಚಾರದ 'ನಗದು ಬೆಲೆ' ಏನು ಅಂತ ಅವನು ಬರೆದ. ನೋಟು ಕೊಟ್ಟರೆ ಬ್ಯಾಂಕಿನವರು ಹಣ ಕೊಡಬೇಕಲ್ವಾ, ಹಾಗೆ ಮಾತು ಅನುಭವದಲ್ಲಿ ಕೈಗೆ ಸಿಗಬೇಕು ಅನ್ನುವುದು ಅವನ ಅರ್ಥ. ಆದರೆ ಇದೇ ಮನುಷ್ಯ 1906ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್‌ಗೆ ಬರೆದ ಕಾಗದದಲ್ಲಿ, ಯಶಸ್ಸನ್ನು ದೇವತೆಯಂತೆ ಪೂಜಿಸುವುದು, ಅದರಲ್ಲೂ ಯಶಸ್ಸು ಅಂದರೆ ದುಡ್ಡು ಅಂತ ಅರ್ಥ ಮಾಡಿಕೊಳ್ಳುವುದು ನಮ್ಮ ರಾಷ್ಟ್ರೀಯ ರೋಗ ಅಂದ. ರೋಗ ಅನ್ನುವ ಮಾತು ಅವನದೇ. ಲೇಖಕರು ಅಮೆರಿಕದ ಮೇಲೆ ಹೊರಿಸಿದ ಆರೋಪವನ್ನು ಅಮೆರಿಕದ ತತ್ವಜ್ಞಾನಿ ನೂರು ವರ್ಷಕ್ಕೂ ಹಿಂದೆ ಹೊರಿಸಿದ್ದ. 1899ರಲ್ಲಿ ಅಮೆರಿಕ ಫಿಲಿಪೀನ್ಸ್ ಮೇಲೆ ಯುದ್ಧಕ್ಕೆ ಹೋದಾಗ, ಸ್ವಾತಂತ್ರ್ಯಕ್ಕೆ ಹೋರಾಡುತ್ತಿರುವ ಜನರನ್ನು ತುಳಿಯುತ್ತಿದ್ದೇವೆ ಅಂತ ಬಾಸ್ಟನ್ನಿನ ಪತ್ರಿಕೆಗೆ ಪತ್ರ ಬರೆದ. ಸಂಪಾದಕರಿಗೆ ಪತ್ರ, ಸಾರ್, ನಾನು ಈಗ ನಿಮಗೆ ಬರೆಯುತ್ತಿರುವ ಹಾಗೆಯೇ.

1911ರಲ್ಲಿ ಸಾಂತಾಯಾನ ಎಂಬ ತತ್ವಜ್ಞಾನಿ ಇನ್ನೊಂದು ಮಾತು ಹೇಳಿದ. ಸ್ಪೇನಿನಲ್ಲಿ ಹುಟ್ಟಿ ಹಾರ್ವರ್ಡಿನಲ್ಲಿ ಕಲಿಸಿದವನು. ಅಮೆರಿಕದ ಇಚ್ಛೆ ಗಗನಚುಂಬಿ ಕಟ್ಟಡದಲ್ಲಿ ವಾಸ ಮಾಡುತ್ತದೆ, ಅದರ ಬುದ್ಧಿ ಇನ್ನೂ ಹಳೆಯ ವಸಾಹತು ಕಾಲದ ಬಂಗಲೆಯಲ್ಲಿದೆ ಅಂದ. ಮರುವರ್ಷ ದೇಶ ಬಿಟ್ಟವನು ಮತ್ತೆ ತಿರುಗಿ ಹೋಗಲಿಲ್ಲ. ಸಂಸ್ಕೃತಿಗೂ ಚಿಂತನೆಗೂ ಇರುವ ಸಂಬಂಧ ಎಷ್ಟು ಸಿಕ್ಕು ಅಂತ ಈ ಒಂದು ಮಾತಿನಿಂದ ತಿಳಿಯುತ್ತದೆ. ನಿಮ್ಮ ಲೇಖಕರು ಗಗನಚುಂಬಿಯನ್ನು ಮಾತ್ರ ನೋಡಿ ಬಂದಿದ್ದಾರೆ.

ನನಗೆ ಎಲ್ಲರಿಗಿಂತ ಹತ್ತಿರದವನು ತತ್ವಜ್ಞಾನಿ, ಶಿಕ್ಷಣ ಚಿಂತಕ ಜಾನ್ ಡ್ಯೂಯಿ. 1859ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನಲ್ಲಿ ಹುಟ್ಟಿದ. 1896ರಲ್ಲಿ ಶಿಕಾಗೋದಲ್ಲಿ ಒಂದು ಶಾಲೆ ಶುರು ಮಾಡಿದ. ಅಲ್ಲಿ ಮಕ್ಕಳ ಕೈಗೆ ಉಣ್ಣೆ ಕೊಟ್ಟರು, ಕಾಯಿಯಿಂದ ಕಿತ್ತ ಹತ್ತಿ ಕೊಟ್ಟರು. ಬಟ್ಟೆ ಹೇಗೆ ಬಂತು ಅಂತ ನೀವೇ ಕಂಡುಹಿಡಿಯಿರಿ ಅಂದರು. ಒಂದು ಗುಂಪಿನ ಮಕ್ಕಳು ಅರ್ಧ ಗಂಟೆ ಕೂತು ಕಾಳು ಬಿಡಿಸಿದರೆ ಸಿಕ್ಕ ಅರಳೆ ಒಂದು ಔನ್ಸ್ ಕೂಡ ಇರಲಿಲ್ಲ. ಹಾಗಾದರೆ ಹಿಂದಿನವರು ಹತ್ತಿ ಬಿಟ್ಟು ಉಣ್ಣೆ ಯಾಕೆ ಉಟ್ಟರು ಅಂತ ಅವರಿಗೇ ಹೊಳೆಯಿತು. ನಾನು ಹಾವೇರಿ ಸೀಮೆಯವನು, ಹತ್ತಿ ಬೆಳೆಯುವ ಮನೆಯವನು. ದೀಪದ ಬತ್ತಿ ಹೊಸೆಯಲು ಅಜ್ಜಿ ಜೊತೆ ಕೂತು ಹತ್ತಿ ಕಾಳು ಬಿಡಿಸುತ್ತಿದ್ದೆ. ಕಾಳಿಗೆ ಎಳೆ ಹೇಗೆ ಕಚ್ಚಿಕೊಂಡಿರುತ್ತದೆ, ಎಳೆದರೆ ಉಗುರಿನ ಸಂದಿ ಹೇಗೆ ಉರಿಯುತ್ತದೆ ಅಂತ ಬೆರಳಿಗೆ ಗೊತ್ತು. ಆದರೆ ಶಾಲೆಯಲ್ಲಿ ಯಾರೂ ಆ ಬೆರಳನ್ನು ಪಾಠಕ್ಕೆ ಸೇರಿಸಲಿಲ್ಲ. 1793ರಲ್ಲಿ ಕಾಳು ಬಿಡಿಸುವ ಯಂತ್ರ ಬಂದ ಮೇಲೆ ಅಮೆರಿಕದ ದಕ್ಷಿಣದಲ್ಲಿ ಹತ್ತಿಯೂ ಬೆಳೆಯಿತು, ಅದರ ಜೊತೆ ಗುಲಾಮಗಿರಿಯೂ ಬೆಳೆಯಿತು ಅನ್ನುವುದನ್ನು ನಾನು ಓದಿ ಉರು ಹೊಡೆದೆ, ಕೈಯಿಂದ ಕಲಿಯಲಿಲ್ಲ. ಡ್ಯೂಯಿಯನ್ನು ಓದಿದ ದಿನ ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು.

ಇನ್ನೊಬ್ಬರು ಡ್ಯೂಯಿಯನ್ನು ನಮಗಿಂತ ಬಹಳ ಮೊದಲೇ ಓದಿದ್ದರು. 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಬಾಬಾಸಾಹೇಬ್ ಅಂಬೇಡ್ಕರ್. ಡ್ಯೂಯಿ ಅವರ ಗುರು. 1916ರ ತನ್ನ ಪುಸ್ತಕದಲ್ಲಿ ಡ್ಯೂಯಿ, ಪ್ರಜಾಪ್ರಭುತ್ವ ಅಂದರೆ ಬರೀ ಸರ್ಕಾರದ ಒಂದು ಬಗೆಯಲ್ಲ, ಅದು ಮೊದಲಿಗೆ ಕೂಡಿ ಬಾಳುವ ಬಗೆ, ಅನುಭವ ಹಂಚಿಕೊಳ್ಳುವ ಬಗೆ ಅಂತ ಬರೆದ. 1936ರಲ್ಲಿ ಲಾಹೋರಿನ ಸಭೆಗೆಂದು ಬರೆದು, ಸಭೆಯೇ ರದ್ದಾಗಿ ಅಚ್ಚಾದ 'ಜಾತಿ ವಿನಾಶ' ಎಂಬ ಪ್ರಸಿದ್ಧ ಭಾಷಣದಲ್ಲಿ ಅಂಬೇಡ್ಕರ್ ಇದೇ ಮಾತನ್ನು ತಂದು ಜಾತಿಯ ಮುಂದೆ ಇಟ್ಟರು. ಗುರುವಿನ ಋಣವನ್ನೂ ಹೆಸರು ಹೇಳಿ ನೆನೆದರು. ನೋಡಿ, ಮಾತು ಅದೇ, ನೆಲ ಬೇರೆ. ವರ್ಮಾಂಟಿನ ಹುಡುಗನಿಗೆ ಕೂಡಿ ಬಾಳುವುದು ಅಂದರೆ ಊರಿನ ಸಭೆ. ಅಂಬೇಡ್ಕರರಿಗೆ ಅದು ಒಂದೇ ಕೆರೆಯ ನೀರು. ಆ ಮಾತು ನಮ್ಮಲ್ಲಿಗೆ ಬಂದು ಇನ್ನೂ ಹರಿತವಾಯಿತು ಅಂತ ನಾನು ನಂಬಿದ್ದೇನೆ. 1952ರ ಜೂನ್‌ನಲ್ಲಿ ಕೊಲಂಬಿಯಾ ಅಂಬೇಡ್ಕರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಡ್ಯೂಯಿ ತೀರಿಕೊಂಡಿದ್ದು ಅದೇ ತಿಂಗಳ 1ರಂದು. ಗುರು ಶಿಷ್ಯರ ಭೇಟಿ ಕೆಲವೇ ದಿನಗಳಲ್ಲಿ ತಪ್ಪಿಹೋಯಿತು.

ಆ ಪರಂಪರೆಯಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ದೊಡ್ಡ ಕೊರತೆಯೇ ಇದೆ. ಜೇಮ್ಸ್‌ನ ಶಿಷ್ಯ ಡಬ್ಲ್ಯು. ಇ. ಬಿ. ಡು ಬಾಯ್ಸ್ 1895ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಅಮೆರಿಕನ್. 1903ರಲ್ಲಿ ಅವನು ಎತ್ತಿದ ಪ್ರಶ್ನೆ: ಒಂದು ಸಮಸ್ಯೆಯಾಗಿ ಬದುಕುವುದು ಅಂದರೆ ಹೇಗಿರುತ್ತದೆ? ತನ್ನನ್ನು ತಾನು ಯಾವಾಗಲೂ ಬೇರೆಯವರ ಕಣ್ಣಿನಿಂದ ನೋಡಿಕೊಳ್ಳಬೇಕಾದ ಇಬ್ಬಗೆಯ ಮನಸ್ಸಿನ ಬಗ್ಗೆ ಅವನು ಬರೆದದ್ದಕ್ಕಿಂತ ಆಳವಾದ ತತ್ವಶಾಸ್ತ್ರ ಆ ದೇಶದಲ್ಲಿ ಕಡಿಮೆ. ಆದರೂ ತತ್ವಶಾಸ್ತ್ರದ ವಿಭಾಗಗಳು ಬಹಳ ಕಾಲ ಅವನನ್ನು ತಮ್ಮವನು ಅಂತ ಓದಲಿಲ್ಲ. ಆ ದೇಶದ ಚರ್ಮದ ಬಣ್ಣದ ರೋಗ ಅದರ ತರಗತಿಗಳಿಗೂ ತಗುಲಿತ್ತು, ಇಲ್ಲಿ ಲೇಖಕರ ಮಾತು ಸರಿ. 1946ರಲ್ಲಿ ಅಂಬೇಡ್ಕರ್ ಇದೇ ಡು ಬಾಯ್ಸ್‌ಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಡು ಬಾಯ್ಸ್ ಉತ್ತರ ಬರೆದರು.

1930ರ ದಶಕದಲ್ಲಿ ಹಿಟ್ಲರನ ಕಾಟದಿಂದ ಯುರೋಪ್ ಬಿಟ್ಟು ಬಂದ ಕಾರ್ನಾಪ್, ಹೆಂಪೆಲ್ ಮುಂತಾದ ತತ್ವಜ್ಞಾನಿಗಳ ಜೊತೆ ತರ್ಕದ ಕೆಲಸ ಜಾಸ್ತಿಯಾಯಿತು. ತತ್ವಶಾಸ್ತ್ರ ನಿಧಾನಕ್ಕೆ ಊರಿನ ಕಟ್ಟೆ ಬಿಟ್ಟು ವಿಶ್ವವಿದ್ಯಾಲಯದ ಕೋಣೆ ಸೇರಿತು. ಅಲ್ಲಿ ಒಳ್ಳೆಯ ಕೆಲಸ ಆಗಿದೆ. ಆದರೆ ಪತ್ರಿಕೆಗೆ ಪತ್ರ ಬರೆಯುವ ಜೇಮ್ಸ್, ಬೀದಿಗಿಳಿಯುವ ಡ್ಯೂಯಿ ಆಮೇಲೆ ಅಪರೂಪವಾದರು.

ಸಂಪಾದಕರೇ, ನನ್ನ ಕೋರಿಕೆ ಒಂದೇ. ಏಪ್ರಿಲ್ 14ಕ್ಕೆ ನೀವು ಅಂಬೇಡ್ಕರ್ ವಿಶೇಷ ಪುಟ ತರುತ್ತೀರಿ. ಮುಂದಿನ ಸಲ ಅದರಲ್ಲಿ ಅರ್ಧ ಪುಟ ಡ್ಯೂಯಿಗೆ ಕೊಡಿ. ಆ ಶಿಕಾಗೋ ಶಾಲೆಯ ಹತ್ತಿಯ ಪಾಠವನ್ನು ಸರಳ ಕನ್ನಡದಲ್ಲಿ ಹಾಕಿ, ಪಕ್ಕದಲ್ಲೇ ಕೂಡಿ ಬಾಳುವ ಬಗೆಯ ಬಗ್ಗೆ ಗುರು ಹೇಳಿದ್ದನ್ನೂ ಶಿಷ್ಯರು ಹೇಳಿದ್ದನ್ನೂ ಒಟ್ಟಿಗೆ ಹಾಕಿ. ಅನುವಾದ ಮಾಡಿಕೊಡಲು ನಾನು ತಯಾರಿದ್ದೇನೆ, ಸಂಭಾವನೆ ಬೇಡ. ನಮ್ಮ ತಾಲ್ಲೂಕಿನ ಶಾಲೆಗಳ ಮೇಷ್ಟ್ರುಗಳಿಗೆ ಆ ಪುಟದ ಪ್ರತಿ ನಾನೇ ತಲುಪಿಸುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಅಧ್ಯಾಪಕ, ಹಾವೇರಿ ಜಿಲ್ಲೆ